ದೇವರ ಮಾತಿಗೆ ವಯಸ್ಸೆಷ್ಟು?

ನಮ್ಮ ಮನೆಯ ಕ್ರಿಸ್‌ಮಸ್ ಅಂಗಿಗಳನ್ನು ಹೊಲಿಯುವವರು ಒಬ್ಬ ಮುಸ್ಲಿಂ ಚಾಚಾ. ಲಿಂಗಸುಗೂರಿನಲ್ಲಿ ಅವರದು ಒಂದೇ ಮಷಿನ್ನಿನ ಸಣ್ಣ ಅಂಗಡಿ. ನನ್ನ ಚಡ್ಡಿಯ ಕಾಲದಿಂದ ಅಳತೆ ತೆಗೆದುಕೊಳ್ಳುತ್ತಾ ಬಂದವರು. ಈಗ ನನ್ನ ಮಗನ ಅಳತೆಯನ್ನೂ ಅವರೇ ತೆಗೆದುಕೊಳ್ಳುತ್ತಾರೆ. ಹೋದ ಡಿಸೆಂಬರ್‌ನಲ್ಲಿ ನನ್ನ ಭುಜದ ಮೇಲೆ ಟೇಪು ಹಿಡಿದುಕೊಂಡೇ ಕೇಳಿದರು:

"ತಮ್ಮಾ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ. ದೇವ್ರು ಒಬ್ನೇ ಅಂತ ನೀವೂ ಅಂತೀರಿ, ನಾವೂ ಅಂತೀವಿ. ಮತ್ತ ಅವಂಗ ಮಗ ಹೆಂಗ ಬಂದ?"

ನಾನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಉತ್ತರ ಒಪ್ಪಿಸಿದೆ. ತಂದೆ, ಮಗ, ಪವಿತ್ರಾತ್ಮ, ಮೂವರೂ ಒಬ್ಬನೇ ದೇವರು. ಚಾಚಾ ಪೂರ್ತಿ ಕೇಳಿಸಿಕೊಂಡರು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ತೋಳಿನ ಅಳತೆ ಬರೆದುಕೊಂಡರು. ಆಮೇಲೆ ಅಂದರು, "ನಿಮ್ಮಪ್ಪನೂ ಇದನ್ನೇ ಹೇಳಿದ್ದ. ಹಿಂಗೇ."

ಆ ಮಾತು ನನಗೆ ನಾಟಿತು. ಅಪ್ಪ ಹೇಳಿದ್ದನ್ನು ನಾನು ಹೇಳಿದೆ. ನಾಳೆ ನನ್ನ ಮಗನೂ ಇದನ್ನೇ ಹೇಳುತ್ತಾನೆ. ಮೂರು ತಲೆಮಾರು ಒಂದೇ ಅಂಗಡಿಯಲ್ಲಿ ನಿಂತು ಒಂದೇ ಉತ್ತರ ಕೊಟ್ಟರೆ, ಕೇಳಿದವರಿಗೆ ನಾವು ಏನು ಮರ್ಯಾದೆ ಕೊಟ್ಟ ಹಾಗಾಯಿತು? ಅಂದಿನಿಂದ ರಾತ್ರಿ ಊಟ ಆದಮೇಲೆ ಓದುತ್ತಾ ಬಂದಿದ್ದೇನೆ. ನಾನು ಪಂಡಿತನಲ್ಲ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಆದರೆ ಇದು ನನ್ನ ಜೀವಕ್ಕೆ ಹತ್ತಿರದ ವಿಷಯ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು 'ಮಗ' ಅನ್ನುವ ಪದವನ್ನೇ ನೋಡೋಣ. ನಮ್ಮ ಕಡೆ ಮಗ ಅಂದರೆ ಬಸಿರು, ಬಾಣಂತನ, ತೊಟ್ಟಿಲು, ಹೆಸರಿಡುವುದು. ದೇವರಿಗೆ ಇದೆಲ್ಲ ಅಂಟಿಸಿದರೆ ಯಾವ ಮುಸ್ಲಿಮನೂ ಒಪ್ಪುವುದಿಲ್ಲ. ಕುರಾನಿನ 112ನೇ ಅಧ್ಯಾಯ ನಾಲ್ಕೇ ಸಾಲಿನದು. ಅವನು ಯಾರನ್ನೂ ಹೆರಲಿಲ್ಲ, ಅವನನ್ನು ಯಾರೂ ಹೆರಲಿಲ್ಲ ಅನ್ನುತ್ತದೆ. ಆದರೆ ಆ ಅರ್ಥದಲ್ಲಿ ನಾವೂ ಮಗ ಅನ್ನುವುದಿಲ್ಲ, ಅಲ್ವಾ? ದೇವರಿಗೆ ಹೆಂಡತಿ ಇದ್ದಳು, ಆಮೇಲೆ ಮಗು ಹುಟ್ಟಿತು ಅಂತ ಯಾವ ಕ್ರೈಸ್ತ ಸಭೆಯೂ ಕಲಿಸಿಲ್ಲ. ಚಾಚಾ ಬೇಡ ಅನ್ನುತ್ತಿದ್ದುದನ್ನೇ ನಾವೂ ಬೇಡ ಅನ್ನುತ್ತೇವೆ. ಹಾಗಾದರೆ ನಾವು ಹೇಳುತ್ತಿರುವುದೇನು?

ನಮ್ಮ ಬೈಬಲಿನ ಯೋಹಾನನ ಸುವಾರ್ತೆ ಶುರುವಾಗುವುದು ಬೇರೆ ಪದದಿಂದ. "ಆದಿಯಲ್ಲಿ ವಾಕ್ಯವಿತ್ತು." ಈ ಪದ ನಮ್ಮ ಜನರ ಬಾಯಲ್ಲಿ ದಿನಾ ಇದೆ. ಭಾನುವಾರ "ಇವತ್ತು ವಾಕ್ಯ ಯಾರು ಕೊಡ್ತಾರೆ?" ಅಂತ ಕೇಳುತ್ತೇವೆ. ಬಳಸಿ ಬಳಸಿ ಅದರ ತೂಕ ಮರೆತಿದ್ದೇವೆ. ಗ್ರೀಕಿನಲ್ಲಿ ಅದು ಲೋಗೋಸ್. ಮಾತು ಅಂತಲೂ ಹೌದು, ಬುದ್ಧಿ ಅಂತಲೂ ಹೌದು. ಯೋಹಾನನಿಗಿಂತ ಐನೂರಕ್ಕೂ ಜಾಸ್ತಿ ವರ್ಷ ಮೊದಲೇ ಹೆರಾಕ್ಲಿಟಸ್ ಅನ್ನುವ ಗ್ರೀಕ್ ಚಿಂತಕ, ಎಲ್ಲವೂ ಲೋಗೋಸ್ ಪ್ರಕಾರ ನಡೆಯುತ್ತದೆ ಅಂದಿದ್ದ. ಸ್ಟೋಯಿಕರು ಎಂಬ ಗ್ರೀಕ್ ಚಿಂತಕರ ಪಂಥದವರು ಅದನ್ನು ಜಗತ್ತಿನ ಒಳಗೆಲ್ಲ ಹರಡಿಕೊಂಡ ಬುದ್ಧಿ ಅಂದರು. ಅಲೆಕ್ಸಾಂಡ್ರಿಯದ ಯೆಹೂದಿ ಚಿಂತಕ ಫೈಲೋ, ದೇವರಿಗೂ ಜಗತ್ತಿಗೂ ನಡುವಿನ ಕೊಂಡಿ ಅಂದ.

ಇನ್ನೂ ಹಿಂದೆ ಹೋದರೆ ಈಜಿಪ್ಟಿನಲ್ಲಿ ಪ್ತಾಹ್ ದೇವರು ಹೃದಯದಲ್ಲಿ ಯೋಚಿಸಿ ನಾಲಿಗೆಯಿಂದ ನುಡಿದು ಸೃಷ್ಟಿ ಮಾಡಿದ ಅಂತ ಕಲ್ಲಿನಲ್ಲಿ ಕೆತ್ತಿದ್ದಾರೆ. ಬಾಬಿಲೋನಿನ ಕಥೆ ಹಾಗಿಲ್ಲ. ಅಲ್ಲಿ ಮರ್ದುಕ್ ದೇವರು ತಿಯಾಮತ್ ಎಂಬ ಕಡಲ ದೇವತೆಯನ್ನು ಕೊಂದು, ಅವಳ ಹೆಣವನ್ನು ಸೀಳಿ ಆಕಾಶ ಭೂಮಿ ಮಾಡುತ್ತಾನೆ. ಅದೇ ಸೀಮೆಯ ಪಕ್ಕದಲ್ಲಿ ಬಾಳಿದ ಯೆಹೂದಿಗಳ ಸೃಷ್ಟಿಯ ಕಥೆ ಇರುವ ಆದಿಕಾಂಡದಲ್ಲಿ ಯುದ್ಧವೇ ಇಲ್ಲ. ದೇವರು "ಬೆಳಕಾಗಲಿ" ಅನ್ನುತ್ತಾನೆ, ಬೆಳಕಾಗುತ್ತದೆ. ಸೂರ್ಯ ಚಂದ್ರರಿಗೆ ಅಲ್ಲಿ ಹೆಸರು ಕೂಡ ಇಲ್ಲ. ದೊಡ್ಡ ಬೆಳಕು, ಚಿಕ್ಕ ಬೆಳಕು, ಅಷ್ಟೇ. ಸುತ್ತಲಿನವರು ಆ ಹೆಸರುಗಳಿಗೇ ಪೂಜೆ ಮಾಡುತ್ತಿದ್ದರಲ್ಲ. ಕುರಾನಿನಲ್ಲೂ ಹೀಗೇ. 'ಕುನ್' ಅನ್ನುತ್ತಾನೆ, ಆಗು ಅಂತ. ಆಗುತ್ತದೆ. ಕತ್ತಿಯಿಂದಲ್ಲ, ಮಾತಿನಿಂದ ಜಗತ್ತು ಆಯಿತು ಅನ್ನುವುದರಲ್ಲಿ ನಾವಿಬ್ಬರೂ ಒಂದೇ ಕಡೆ ನಿಂತಿದ್ದೇವೆ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಇಲ್ಲಿ ಜಸ್ಟಿನ್ ಅನ್ನುವವನ ಬಗ್ಗೆ ಹೇಳಲೇಬೇಕು. ಎರಡನೇ ಶತಮಾನದವನು, ಹುಟ್ಟಿದ್ದು ಪ್ಯಾಲೆಸ್ತೀನಿನ ಈಗಿನ ನಾಬ್ಲಸ್‌ನಲ್ಲಿ. ದೇವರನ್ನು ತಿಳಿಯಬೇಕು ಅಂತ ಗುರುಗಳನ್ನು ಹುಡುಕಿಕೊಂಡು ಅಲೆದ. ಒಬ್ಬ ಸ್ಟೋಯಿಕ್ ಗುರುವಿಗೆ ದೇವರ ವಿಷಯವೇ ಬೇಕಿರಲಿಲ್ಲ. ಅರಿಸ್ಟಾಟಲನ ದಾರಿಯವನೊಬ್ಬ, ಮೊದಲು ಫೀಸ್ ಎಷ್ಟು ಕೊಡ್ತೀಯ ಹೇಳು ಅಂದ. ಪೈಥಾಗೊರಸನ ದಾರಿಯವನೊಬ್ಬ, ಸಂಗೀತ, ಖಗೋಳ, ಜ್ಯಾಮಿತಿ ಕಲಿತು ಆಮೇಲೆ ಬಾ ಅಂದ. ಪ್ಲೇಟೋನ ದಾರಿಯಲ್ಲಿ ಸ್ವಲ್ಪ ನೆಮ್ಮದಿ ಸಿಕ್ಕಿತು. ಕೊನೆಗೆ ಸಮುದ್ರದ ಹತ್ತಿರ ಸಿಕ್ಕ ಒಬ್ಬ ಮುದುಕನ ಮಾತು ಕೇಳಿ ಕ್ರೈಸ್ತನಾದ. ಆದರೂ ತತ್ತ್ವಜ್ಞಾನಿಯ ಮೇಲಂಗಿ ತೆಗೆಯಲಿಲ್ಲ. ಕ್ರಿ.ಶ. 165ರ ಸುಮಾರಿಗೆ ರೋಮಿನಲ್ಲಿ ಅವನ ತಲೆ ತೆಗೆದರು.

ಅವನು ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ವಾಕ್ಯದ ಬೀಜಗಳು ಎಲ್ಲ ಜನರಲ್ಲೂ ಬಿದ್ದಿವೆ ಅಂದ. ಸಾಕ್ರಟೀಸನಂತೆ, ಹೆರಾಕ್ಲಿಟಸನಂತೆ ಲೋಗೋಸ್‌ಗೆ ತಕ್ಕಂತೆ ಬಾಳಿದವರು ಕ್ರಿಸ್ತನಿಗಿಂತ ಮೊದಲಿನವರಾದರೂ ಅವನವರೇ ಅಂದ. ಇದನ್ನು ಓದಿದ ವಾರವೇ ಮಸ್ಕಿಗೆ ಹೋಗಿದ್ದೆ. ಅಲ್ಲಿನ ಅಶೋಕನ ಬಂಡೆಯ ಮುಂದೆ ಎಷ್ಟೋ ಸಲ ನಿಂತಿದ್ದೇನೆ. 1915ರಲ್ಲಿ ಸಿಕ್ಕ ಶಾಸನ. 'ದೇವಾನಾಂಪಿಯ' ಅಂದರೆ ಅಶೋಕನೇ ಅಂತ ಪಕ್ಕಾ ಆಗಿದ್ದು ಅದರಿಂದ. ಶಾಲೆಯಲ್ಲಿ ನಮಗೆ ಅಷ್ಟೇ ಹೇಳಿಕೊಟ್ಟಿದ್ದರು. ಅದರಲ್ಲಿ ಏನು ಬರೆದಿದೆ ಅಂತ ಹೇಳಿರಲಿಲ್ಲ. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಈ ಗುರಿ ಸಿಗುತ್ತದೆ, ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ ಅಂತ ಇದೆ! ಜಸ್ಟಿನ್ ಇಲ್ಲಿ ಬಂದು ನಿಂತಿದ್ದರೆ ಬೀಜ ಇಲ್ಲೂ ಬಿದ್ದಿದೆ ಅನ್ನುತ್ತಿದ್ದ. ನಾನೂ ಹಾಗೇ ನಂಬುತ್ತೇನೆ. ಬೇರೆಯವರ ಒಳ್ಳೆಯ ಮಾತು ಕಂಡರೆ ಹೆದರುವ ಕ್ರೈಸ್ತರಿಗೆ ಈ ಹಳೆಯ ಹುತಾತ್ಮನನ್ನು ಓದಿ ಅನ್ನುತ್ತೇನೆ.

ಸರಿ, ಚಾಚಾ ಪ್ರಶ್ನೆಗೆ ಬರೋಣ. ದಾರಿ ತೆರೆದಿದ್ದು ಒಂದು ಸಣ್ಣ ಘಟನೆಯಿಂದ.

ಅಂಗಿ ಟ್ರಯಲ್‌ಗೆ ಹೋದಾಗ ನನ್ನ ಕೈಯಲ್ಲಿ ಬೈಬಲ್ ಇತ್ತು. ಅಜ್ಜಿಯ ಕಾಲದ್ದು. ಚಾಚಾ ಅದನ್ನು ಬಿಚ್ಚಿ ನೋಡಿ ಗಾಬರಿಯಾದರು. ಪುಟದ ತುಂಬ ಕೆಂಪು ಪೆನ್ನಿನ ಗೆರೆ. ಅಂಚಿನಲ್ಲಿ ಅಜ್ಜಿ ಬರೆದ ತಾರೀಖುಗಳು, ಯಾರಿಗೆ ಜ್ವರ ಬಂತು, ಯಾವಾಗ ಮಳೆಯಾಯಿತು. "ಏನ್ ತಮ್ಮಾ ಇದು! ದೇವ್ರ ಕಿತಾಬಿನ್ಯಾಗ ಪೆನ್ನಿಲೆ ಗೀಚೀರಲ್ಲಾ!" ಅಂದರು. ನಿಜಕ್ಕೂ ನೊಂದುಕೊಂಡಿದ್ದರು. ನಾನು ತಲೆ ಎತ್ತಿ ನೋಡಿದೆ. ಅವರ ಮಷಿನ್ನಿನ ಮೇಲೆ, ಕೈಗೆ ಸುಲಭಕ್ಕೆ ಎಟುಕದ ಹಲಗೆಯ ಮೇಲೆ, ಅವರ ಕುರಾನ್. ತಾವೇ ಹೊಲಿದ ಹಸಿರು ಬಟ್ಟೆಯ ಚೀಲದಲ್ಲಿ, ಜರಿ ಅಂಚು ಕಟ್ಟಿ ಇಟ್ಟಿದ್ದರು. ಕೈಕಾಲು ತೊಳೆಯದೆ ಅದನ್ನು ಮುಟ್ಟುವುದಿಲ್ಲ.

ಅವತ್ತು ಮನೆಗೆ ಬರುವಾಗ ಹೊಳೆಯಿತು. ನಾವು ಇಷ್ಟು ವರ್ಷ ತಪ್ಪು ಜೋಡಿ ಮಾಡಿಕೊಂಡು ಹೋಲಿಸುತ್ತಿದ್ದೆವು. ಅವರ ಕುರಾನಿಗೆ ನಮ್ಮ ಬೈಬಲ್, ಅವರ ಪ್ರವಾದಿಗೆ ನಮ್ಮ ಯೇಸು. ಅದು ಹಾಗಲ್ಲ. ಅವರಲ್ಲಿ ದೇವರ ಮಾತು ಕಿತಾಬಾಗಿ ಇಳಿದು ಬಂತು. ನಮ್ಮಲ್ಲಿ ದೇವರ ಮಾತು ಮನುಷ್ಯನಾಗಿ ಬಂತು. ಕುರಾನಿಗೆ ಜೋಡಿ ಬೈಬಲ್ ಅಲ್ಲ, ಯೇಸುವೇ. ಅಜ್ಜಿ ಕಾಗದದ ಮೇಲೆ ಹೆದರದೆ ಗೀಚಿದ್ದಕ್ಕೆ ಕಾರಣ ಇದೇ. ಅವಳ ವಾಕ್ಯ ಕಾಗದವಾಗಿರಲಿಲ್ಲ. ರಂಜಾನ್ ರಾತ್ರಿಗಳಲ್ಲಿ ಹಾಫಿಜರು, ಅಂದರೆ ಕುರಾನ್ ಬಾಯಿಪಾಠ ಮಾಡಿದವರು, ಇಡೀ ಕುರಾನನ್ನು ಬಾಯಿಂದಲೇ ಹೇಳುತ್ತಾರೆ. ನಾವು ಪ್ರಭುವಿನ ಭೋಜನದಲ್ಲಿ ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಳ್ಳುತ್ತೇವೆ. ಇಬ್ಬರೂ ದೇವರ ಮಾತನ್ನು ಬಾಯಲ್ಲಿ ಇಟ್ಟುಕೊಳ್ಳುವುದೇ.

ಮಜಾ ಏನೆಂದರೆ, ಎರಡೂ ಕಡೆ ಒಂದೇ ಜಗಳ ನಡೆದಿದೆ. ದೇವರ ಮಾತಿಗೆ ವಯಸ್ಸು ಎಷ್ಟು? ಒಂದು ದಿನ ಉಂಟಾದದ್ದೋ, ದೇವರ ಜೊತೆ ಮೊದಲಿಂದಲೂ ಇದ್ದದ್ದೋ?

ನಮ್ಮಲ್ಲಿ ನಾಲ್ಕನೇ ಶತಮಾನದಲ್ಲಿ. ಅಲೆಕ್ಸಾಂಡ್ರಿಯದ ಏರಿಯಸ್ ಎಂಬ ಪಾದ್ರಿ, ಮಗ ಸೃಷ್ಟಿಯಾದವನು, ಅವನಿಲ್ಲದ ಒಂದು ಹೊತ್ತು ಇತ್ತು ಅಂದ. ದೇವರು ಒಬ್ಬನೇ ಅನ್ನುವುದನ್ನು ಕಾಪಾಡಲೆಂದೇ ಅಂದದ್ದು. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯದಲ್ಲಿ ಬಿಷಪ್‌ಗಳನ್ನು ಕೂಡಿಸಿದ. ಈಗ ಅದು ಟರ್ಕಿಯ ಇಜ್ನಿಕ್. ಮಗ ಹುಟ್ಟಿದವನು, ಆದರೆ ಮಾಡಲ್ಪಟ್ಟವನಲ್ಲ, ಬೆಳಕಿನಿಂದ ಬಂದ ಬೆಳಕು ಅಂತ ತೀರ್ಮಾನವಾಯಿತು. ಅದನ್ನು ಕೊನೆತನಕ ಹಿಡಿದು ನಿಂತ ಬಿಷಪ್ ಅಥನೇಸಿಯಸ್‌ನನ್ನು ಐದು ಸಲ ಊರು ಬಿಡಿಸಿದರು. ಅವನ ವಾದ ಸರಳ. ದೇವರಿಗೆ ಮಾತೇ ಇಲ್ಲದ ಕಾಲ ಒಂದಿತ್ತೇ? ಬುದ್ಧಿ ಇಲ್ಲದ ದೇವರೇ? ದೀಪ ಇದ್ದಾಗಿನಿಂದ ಬೆಳಕೂ ಇದೆ. ಬೆಳಕು ದೀಪದಿಂದ ಹುಟ್ಟಿತು ಅನ್ನಬಹುದು. ಆದರೆ ಬೆಳಕಿಲ್ಲದೆ ಉರಿಯುವ ದೀಪವನ್ನು ಯಾರೂ ಕಂಡಿಲ್ಲ.

ಐನೂರು ವರ್ಷ ಬಿಟ್ಟು ಬಾಗ್ದಾದ್. ಮುಅತಜಿಲ ಎಂಬ ಚಿಂತಕರು, ಕುರಾನ್ ಸೃಷ್ಟಿಯಾದದ್ದು, ಅದನ್ನು ಅನಾದಿ ಅಂದರೆ ದೇವರ ಪಕ್ಕ ಇನ್ನೊಂದು ಅನಾದಿ ಕೂತಂತಾಯಿತು ಅಂದರು. 833ರಲ್ಲಿ ಖಲೀಫ ಅಲ್-ಮಾಮೂನ್ ಇದನ್ನೇ ಒಪ್ಪಬೇಕು ಅಂತ ವಿದ್ವಾಂಸರನ್ನು ಕರೆಸಿ ಕೇಳಿಸಿದ. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಒಪ್ಪಲಿಲ್ಲ. ಮುಂದಿನ ಖಲೀಫನ ಕಾಲದಲ್ಲಿ ಚಾವಟಿ ಏಟು ತಿಂದರು, ಆದರೂ ಬಗ್ಗಲಿಲ್ಲ. ಅಲ್-ಮಾಮೂನ್ ತನ್ನ ಪತ್ರದಲ್ಲಿ ಏನು ಬರೆದಿದ್ದ ಗೊತ್ತಾ? ಕುರಾನ್ ಸೃಷ್ಟಿಯಲ್ಲ ಅನ್ನುವವರು ಕ್ರೈಸ್ತರ ಹಾಗೆ ಮಾತಾಡುತ್ತಿದ್ದಾರೆ, ಮರ್ಯಮಳ ಮಗ ಈಸಾ (ಅಂದರೆ ಯೇಸು) ದೇವರ ವಾಕ್ಯ, ಆದ್ದರಿಂದ ಸೃಷ್ಟಿಯಾದವನಲ್ಲ ಅಂತ ಅವರೂ ಅನ್ನುತ್ತಾರಲ್ಲ ಅಂತ! ಹೋಲಿಕೆ ಅವತ್ತೇ ಅವರ ಕಣ್ಣಿಗೆ ಬಿದ್ದಿತ್ತು. ಕೊನೆಗೆ ಗೆದ್ದದ್ದು ಇಬ್ನ್ ಹಂಬಲರ ಪಕ್ಷ. ಆಮೇಲೆ ಬಂದ ಅಶ್‌ಅರಿ ಪಂಥದವರು ದೇವರ ಗುಣಗಳ ಬಗ್ಗೆ ಒಂದು ಸೂತ್ರ ಕೊಟ್ಟರು. ಅವು ಅವನೇ ಅಲ್ಲ, ಅವನಲ್ಲದ್ದೂ ಅಲ್ಲ. ನೈಸಿಯದ ಬಿಷಪ್‌ಗಳು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. (ನಮ್ಮ ಹಳೆಯ ದರ್ಶನಗಳ ಮೀಮಾಂಸಕರೂ ನೈಯಾಯಿಕರೂ ವೇದದ ಬಗ್ಗೆ ಇದೇ ಕಿತ್ತಾಟ ಆಡಿದ್ದಾರೆ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.)

ಹೋಗಿ ಚಾಚಾಗೆ ಹೇಳಿದೆ. "ಚಾಚಾ, ನಿಮ್ಮ ಕುರಾನ್ ಮೊದಲಿಂದ ಇತ್ತೋ, ಆಮೇಲೆ ಆತೋ?"

"ಕಾಗದ, ಮಸಿ ಆಮ್ಯಾಲಿನವು. ಅಲ್ಲಾನ ಕಲಾಮ್ ಮೊದ್ಲಿಂದ್ಲೂ ಐತಿ" ಅಂದರು, ಒಂದು ಕ್ಷಣ ಕೂಡ ಯೋಚಿಸದೆ.

"ಹಂಗಾದ್ರ ದೇವ್ರು ಇಬ್ಬರಾದರೇನು?"

ಮಷಿನ್ ಕಾಲು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ. ಅವನ ಮಾತು ಅವನದ" ಅಂದರು.

"ನಾವು ಮಗ ಅನ್ನೋದೂ ಅದಕ್ಕೇ ಚಾಚಾ." ಕುರಾನ್ ಕೂಡ ಈಸಾರನ್ನು 'ಅವನ ಕಲಿಮಾ', ಅಂದರೆ ಅವನ ಮಾತು, ಅಂತ ಕರೆಯುತ್ತದೆ, 4ನೇ ಅಧ್ಯಾಯದ 171ರಲ್ಲಿ. ಅದೇ ಆಯತು 'ಮೂರು ಅನ್ನಬೇಡಿ' ಅಂತಲೂ ಹೇಳುತ್ತದೆ. ಎರಡನ್ನೂ ಓದಿದೆ. ಅರ್ಧ ಓದಿ ಅರ್ಧ ಮುಚ್ಚಿಡುವುದು ಮೋಸ. 'ಆಗು' ಅನ್ನುವ ಮಾತಿನಿಂದ ಹುಟ್ಟಿದ್ದಕ್ಕೆ ಅವರನ್ನು ಕಲಿಮಾ ಅಂದದ್ದು, ಅವರೇ ಆ ಅನಾದಿ ಮಾತು ಅಂತಲ್ಲ ಅನ್ನುವುದು ಮುಸ್ಲಿಂ ವಿದ್ವಾಂಸರ ವಿವರಣೆ. ಚಾಚಾನೂ ಅದನ್ನೇ ಹೇಳಿದರು. ಅವರು ಒಪ್ಪಲಿಲ್ಲ. ಆದರೆ ನಾನು ಏನು ಹೇಳುತ್ತಿದ್ದೇನೆ ಅಂತ ಅವರಿಗೆ ಮೊದಲ ಸಲ ಅರ್ಥವಾಯಿತು. ನನಗೂ.

ಇಲ್ಲಿಗೆ ತತ್ತ್ವಜ್ಞಾನ ನನ್ನನ್ನು ತಂದು ಬಿಟ್ಟಿತು. ಇಲ್ಲಿಂದ ಮುಂದೆ ಅದು ಬರಲಿಲ್ಲ. ಹಳೆಯ ಸಭೆಯ ದೊಡ್ಡ ಗುರು ಅಗಸ್ಟಿನ್‌ಗೂ ಹೀಗೇ ಆಗಿತ್ತು. ಆದಿಯಲ್ಲಿ ವಾಕ್ಯವಿತ್ತು ಅನ್ನುವುದು ಪ್ಲೇಟೋ ಪಂಥದ ಪುಸ್ತಕಗಳಲ್ಲಿ ನನಗೆ ಸಿಕ್ಕಿತು, ಆ ವಾಕ್ಯ ಮನುಷ್ಯನಾಯಿತು ಅನ್ನುವುದು ಅಲ್ಲಿ ಸಿಗಲಿಲ್ಲ ಅಂತ ಬರೆದಿದ್ದಾನೆ. ಅಜ್ಜಿಯ ಬೈಬಲ್‌ನಲ್ಲಿ 'ನರಾವತಾರ ಎತ್ತಿ' ಅಂತ ಇದೆ. ಗ್ರೀಕಿನಲ್ಲಿ ಇನ್ನೂ ಒರಟು: ಮಾಂಸವಾಯಿತು, ನಮ್ಮ ನಡುವೆ ಗುಡಾರ ಹಾಕಿತು. ಸುಗ್ಗಿ ಮುಗಿದಮೇಲೆ ನಮ್ಮ ಎರೆ ಹೊಲಗಳಲ್ಲಿ ಕುರಿಯವರು ಬಂದು ಗುಡಾರ ಹಾಕುತ್ತಾರಲ್ಲ, ಹಾಗೆ. ಚಳಿ ಗಾಳಿ ಎಲ್ಲ ಒಳಗೆ ಬರುವಂಥ ಗುಡಾರ.

ನಮಗೂ ಚಾಚಾಗೂ ದಾರಿ ಬೇರೆಯಾಗುವುದು ಇಲ್ಲೇ. ಯೇಸುವನ್ನು ಅವನ ವೈರಿಗಳು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಅವರಿಗೆ ಹಾಗೆ ಕಂಡಿತು ಅನ್ನುತ್ತದೆ ಕುರಾನ್, 4:157ರಲ್ಲಿ. ಇದನ್ನು ದ್ವೇಷ ಅಂತ ತಿಳಿಯಬಾರದು. ತನ್ನ ಪ್ರವಾದಿಗೆ ಅಂಥ ಅವಮಾನ ಆಗಲು ದೇವರು ಬಿಡುತ್ತಾನೆಯೇ ಅನ್ನುವ ಪ್ರೀತಿ ಅದರಲ್ಲಿದೆ. ಆದರೆ ರೋಮಿನ ಇತಿಹಾಸಕಾರ ಟ್ಯಾಸಿಟಸ್, ಕ್ರೈಸ್ತರನ್ನು ಕಂಡರೆ ಆಗದವನು, ರೋಮಿನ ಅಧಿಕಾರಿ ಪೊಂತ್ಯ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಅಂತ ಬರೆದಿಟ್ಟಿದ್ದಾನೆ. ಅದು ನಡೆಯಿತು ಅಂತ ನಾನು ನಂಬುತ್ತೇನೆ. ಅದಕ್ಕಿಂತ ಜಾಸ್ತಿ, ಆ ಅವಮಾನದಲ್ಲೇ ದೇವರ ಪ್ರೀತಿ ಕಂಡಿತು ಅಂತ ನಂಬುತ್ತೇನೆ. ಶಿಲುಬೆ ಗುಲಾಮರಿಗೆ ಕೊಡುತ್ತಿದ್ದ ಸಾವು. ನಮ್ಮ ಕೇರಿಗಳ ಜನಕ್ಕೆ ಈ ಸುವಾರ್ತೆ ಯಾಕೆ ಮುಟ್ಟಿತು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇದನ್ನೂ ಚಾಚಾಗೆ ಹೇಳಿದೆ. ಅವರು ಬಹಳ ಹೊತ್ತು ಗುಂಡಿ ಹಚ್ಚುತ್ತಾ ಕೂತರು. "ಅನಾದಿ ಮಾತು ಸಾಯ್ತದೇನು ತಮ್ಮಾ?" ಅಂದರು. ಹಳೆಯ ಸಭೆಗಳ ಉತ್ತರ ನನಗೆ ಗೊತ್ತು, ಸತ್ತದ್ದು ಅವನು ತೊಟ್ಟ ಮನುಷ್ಯತ್ವ ಅನ್ನುವುದು. ಹೇಳಲು ಹೊರಟು ನಿಲ್ಲಿಸಿದೆ. ಅದೂ ಬಾಯಿಪಾಠದ್ದೇ ಆಗಿತ್ತು.

ಮುದಗಲ್‌ನಲ್ಲಿ ಮೊಹರಂ ನೋಡಲು ಪ್ರತಿ ವರ್ಷ ಹೋಗುತ್ತೇನೆ. ಆದಿಲ್ ಶಾಹಿಗಳ ಕಾಲಕ್ಕೆ ಹೋಗುವ ಕ್ಯಾಥೋಲಿಕ್ ಸಭೆಯೂ ಅದೇ ಊರಲ್ಲಿದೆ. ಈ ಸಲ ಚಾಚಾನ ಜೊತೆ ಹೋಗಬೇಕು ಅಂತ ಮಾತಾಗಿದೆ. ಅವರಿಗೆ ಉರ್ದು ಇಂಜೀಲ್, ಅಂದರೆ ಸುವಾರ್ತೆ, ಬೇಕಂತೆ, ಹುಡುಕುತ್ತಿದ್ದೇನೆ. ನನಗೆ ಅವರು ಕನ್ನಡದ ಕುರಾನ್ ಕೊಟ್ಟಿದ್ದಾರೆ, ಇನ್ನೊಂದು ಹಸಿರು ಚೀಲ ಹೊಲಿದು. ಪೆನ್ನು ಮುಟ್ಟಿಸಿಲ್ಲ. ಈಗ 19ನೇ ಅಧ್ಯಾಯದಲ್ಲಿದ್ದೇನೆ, ಸೂರಾ ಮರ್ಯಮ್. ಹೆರಿಗೆ ನೋವು ತಾಳಲಾರದೆ ಮರ್ಯಮ್ ಖರ್ಜೂರದ ಮರಕ್ಕೆ ಒರಗಿದ್ದಾಳೆ, ಇದಕ್ಕಿಂತ ಮೊದಲೇ ಸತ್ತು ಹೋಗಿದ್ದರೆ ಚೆನ್ನಾಗಿತ್ತು ಅನ್ನುತ್ತಿದ್ದಾಳೆ. ಕೆಳಗಿನಿಂದ ಒಂದು ದನಿ, ದುಃಖಪಡಬೇಡ, ನಿನ್ನ ಕೆಳಗೆ ನೀರು ಹರಿಯುತ್ತಿದೆ, ಮರವನ್ನು ಅಲುಗಾಡಿಸು, ಹಣ್ಣು ಬೀಳುತ್ತವೆ ಅನ್ನುತ್ತದೆ. ನಿನ್ನೆ ರಾತ್ರಿ ಅಲ್ಲಿಗೆ ನಿಲ್ಲಿಸಿದ್ದೇನೆ.