ಸಂವಿಧಾನದ ಹಬ್ಬವನ್ನು ಮಕ್ಕಳಿಗೆ ಬಿಟ್ಟುಕೊಡೋಣ

ನಾನಿರುವ ಓಸ್ಲೋದಲ್ಲಿ, ಅಂದರೆ ನಾರ್ವೆಯ ರಾಜಧಾನಿಯಲ್ಲಿ, ಮೇ 17 ಬಂತೆಂದರೆ ಇಡೀ ಊರು ಬೀದಿಗಿಳಿಯುತ್ತದೆ. 1814ರಲ್ಲಿ ಐಡ್ಸ್‌ವೊಲ್ ಅನ್ನೋ ಊರಿನಲ್ಲಿ 112 ಜನರ ಸಭೆ ಸೇರಿ, ನಾರ್ವೆಯ ಸಂವಿಧಾನಕ್ಕೆ ಸಹಿ ಹಾಕಿದ ದಿನ ಅದು. ನಮಗೆ ಜನವರಿ 26 ಇದ್ದ ಹಾಗೆ. ಆದರೆ ಆಚರಿಸುವ ರೀತಿ ತೀರಾ ಬೇರೆ.

ಇಲ್ಲಿ ಟ್ಯಾಂಕ್ ಇಲ್ಲ, ಕ್ಷಿಪಣಿ ಇಲ್ಲ. ಅರಮನೆ ಕಾವಲು ಪಡೆಯ ಬ್ಯಾಂಡ್ ಒಂದು ಬರುತ್ತದೆ, ಅಷ್ಟೇ. ಉಳಿದ ಮೆರವಣಿಗೆಯೆಲ್ಲ ಮಕ್ಕಳದ್ದು. ನೂರಕ್ಕೂ ಹೆಚ್ಚು ಶಾಲೆಗಳ ಮಕ್ಕಳು ತಮ್ಮ ಶಾಲೆಯ ಬ್ಯಾನರ್ ಹಿಡಿದು, ತಮ್ಮದೇ ಗೆಳೆಯರು ಊದುವ, ಬಾರಿಸುವ ಬ್ಯಾಂಡಿನ ಜೊತೆ ಕಾರ್ಲ್ ಯೂಹಾನ್ ಬೀದಿಯಲ್ಲಿ ಅರಮನೆ ತನಕ ನಡೆಯುತ್ತಾರೆ. ರಾಜಮನೆತನದವರು ಬಾಲ್ಕನಿಯಲ್ಲಿ ನಿಂತು, ಕೊನೆಯ ಶಾಲೆ ಹೋಗುವವರೆಗೂ ಕೈ ಬೀಸುತ್ತಾರೆ. ಆಮೇಲೆ ಶಾಲೆಯ ಅಂಗಳದಲ್ಲಿ ಆಟ. ಗೋಣಿಚೀಲದ ಓಟ ಇಲ್ಲೂ ಇದೆ. ಚಮಚದ ಓಟವೂ ಇದೆ, ನಿಂಬೆಹಣ್ಣಿನ ಬದಲು ಆಲೂಗಡ್ಡೆ! ಕೇಕು, ಸಾಸೇಜು ಮಾರುವವರು ಅಪ್ಪ ಅಮ್ಮಂದಿರೇ. ಭಾಷಣ ಇರುತ್ತದೆ, ಆದರೆ ನಾನು ನೋಡಿದ ಕಡೆಯೆಲ್ಲ ಬೇಗ ಮುಗಿಯುತ್ತದೆ.

ಇದೇ ಕಣ್ಣಿನಲ್ಲಿ ನಮ್ಮ ಕಡೆಯ ಕಾರ್ಯಕ್ರಮ ನೋಡಿ. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತಾರೆ, ಶಾಮಿಯಾನದ ನೆರಳು ದೊಡ್ಡವರಿಗೆ. ಮುಖ್ಯ ಅತಿಥಿಗಳು ಬರುವ ತನಕ ಕಾಯಬೇಕು, ಬಂದ ಮೇಲೆ ಹಾರ, ಶಾಲು, ವೇದಿಕೆ ಮೇಲಿರುವ ಒಬ್ಬೊಬ್ಬರಿಗೂ ಸ್ವಾಗತ, ಒಬ್ಬೊಬ್ಬರಿಂದಲೂ ಎರಡು ಮಾತು. ಪಾಪ, ಆ ಮಕ್ಕಳಿಗೆ ಅವತ್ತು ಸಿಗುವುದು ಒಂದು ಲಾಡು. ಸಂವಿಧಾನ ತನ್ನದು ಅಂತ ಆ ಮಗುವಿಗೆ ಅನಿಸಬೇಕಾದರೆ ಹಬ್ಬದಲ್ಲಿ ಅದಕ್ಕೊಂದು ಜಾಗ ಬೇಕು. ಚಪ್ಪಾಳೆ ತಟ್ಟುವ ಜಾಗ ಅಲ್ಲ, ಮುಂದೆ ನಡೆಯುವ ಜಾಗ.

ಇದನ್ನು ನಾರ್ವೆಯಿಂದ ತರಬೇಕಿಲ್ಲ. ನಮ್ಮಲ್ಲೇ ಪ್ರಭಾತ್ ಫೇರಿ ಇದೆ ಅಲ್ವಾ? ಸ್ವಾತಂತ್ರ್ಯ ಹೋರಾಟದ ಕಾಲದಿಂದ ಬಂದದ್ದು. ಎಷ್ಟೋ ಹಳ್ಳಿಗಳಲ್ಲಿ ಈಗಲೂ ಮಕ್ಕಳು ಬೆಳಗ್ಗೆಯೇ ಬಾವುಟ ಹಿಡಿದು, ಘೋಷಣೆ ಕೂಗುತ್ತಾ ಓಣಿ ಓಣಿ ಸುತ್ತುತ್ತಾರೆ. ಮನೆಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಾರೆ. ನಗರಗಳಲ್ಲಿ ಮಾತ್ರ ಅದು ಶಾಲೆಯ ಗೇಟಿನೊಳಗೇ ಉಳಿದುಬಿಟ್ಟಿದೆ.

ನಾರ್ವೆಯ ಹಬ್ಬವೂ ಮೊದಲಿನಿಂದ ಎಲ್ಲರದ್ದಾಗಿರಲಿಲ್ಲ. ಕವಿ ಬ್ಯೋರ್ನ್‌ಸನ್ ಮುಂದೆ ನಿಂತು 1870ರಲ್ಲಿ ಶುರು ಮಾಡಿಸಿದ ಮಕ್ಕಳ ಮೆರವಣಿಗೆಯಲ್ಲಿ ನಡೆದವರು ಹುಡುಗರು ಮಾತ್ರ, ಹುಡುಗಿಯರು ಸೇರಿದ್ದು 1889ರಲ್ಲಿ. 1814ರ ಸಂವಿಧಾನವಂತೂ ಯಹೂದಿಗಳು ದೇಶದೊಳಗೇ ಬರಬಾರದು ಅಂತ ಹೇಳಿತ್ತು. ಅದರ ವಿರುದ್ಧ ಹೋರಾಡಿದ ಕವಿ ವೆರ್ಗೆಲಾಂಡ್ ತೀರಿಕೊಂಡದ್ದು 1845ರಲ್ಲಿ, ಆ ನಿಷೇಧ ಹೋದದ್ದು 1851ರಲ್ಲಿ. ಇನ್ನು ತೀರಾ ಇತ್ತೀಚಿನದು: 1999ರಲ್ಲಿ ಓಸ್ಲೋದ ಮೇ 17 ಸಮಿತಿಗೆ ಪಾಕಿಸ್ತಾನದಲ್ಲಿ ಹುಟ್ಟಿದ ರುಬಿನಾ ರಾಣಾ ಅಧ್ಯಕ್ಷೆಯಾದಾಗ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಅವರು ಹಿಂದೆ ಸರಿಯಲಿಲ್ಲ, ಮೆರವಣಿಗೆಯ ಮುಂದೆಯೇ ನಡೆದರು. ಇವತ್ತು ಓಸ್ಲೋದಲ್ಲಿ ಅವರ ಹೆಸರಿನ ಬೀದಿ ಇದೆ. ನನ್ನ ಮಗಳು ಇವತ್ತು ತನ್ನ ಶಾಲೆಯ ಸಾಲಿನಲ್ಲಿ ಲಂಗ ದಾವಣಿ ಹಾಕಿಕೊಂಡು ಧೈರ್ಯವಾಗಿ ನಡೆಯುತ್ತಾಳೆ ಅಂದರೆ ಅದರಲ್ಲಿ ಆ ಹೆಣ್ಣುಮಗಳ ಪಾಲಿದೆ ಅಂತ ನಾನು ನಂಬಿದ್ದೇನೆ.

ನಮ್ಮ ಸಂವಿಧಾನ ಇದರಲ್ಲಿ ಬಹಳ ಮುಂದೆ. ಜಾತಿ, ಧರ್ಮ, ಆಸ್ತಿ, ಓದು ಯಾವುದನ್ನೂ ಕೇಳದೆ, ಗಂಡು ಹೆಣ್ಣು ಅನ್ನದೆ, ವಯಸ್ಸಿಗೆ ಬಂದವರಿಗೆಲ್ಲ 1950ರಲ್ಲೇ ಮತ ಕೊಟ್ಟಿತು. ನಾರ್ವೆಯಲ್ಲಿ ಎಲ್ಲ ಹೆಂಗಸರಿಗೂ ಸಂಸತ್ತಿನ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದು 1913ರಲ್ಲಿ, ಸಂವಿಧಾನ ಬಂದು 99 ವರ್ಷ ಆದ ಮೇಲೆ. ಬೀದಿಗಿಳಿದು ಸಂಭ್ರಮಿಸೋಕೆ ನಮಗೆ ಇವರಿಗಿಂತ ಜಾಸ್ತಿ ಕಾರಣ ಇದೆ.

2024ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನಕ್ಕೆ, ಬೀದರ್‌ನಿಂದ ಚಾಮರಾಜನಗರದ ತನಕ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ ಮಾಡಿದ್ದರಲ್ಲ, ಅದರ ವಿಡಿಯೋ ನೋಡಿ ನಿಜಕ್ಕೂ ಖುಷಿಯಾಗಿತ್ತು. ಅಷ್ಟು ಜನ ಕೈ ಕೈ ಹಿಡಿದು ನಿಲ್ಲುವುದು ಸಣ್ಣ ಮಾತಲ್ಲ. ಆದರೆ ಅದಕ್ಕೆ ಕರೆ ಕೊಟ್ಟಿದ್ದು ಸರ್ಕಾರ. ಸರ್ಕಾರ ಕರೆಯದ ವರ್ಷ ಯಾರು ಕರೆಯುತ್ತಾರೆ? ಓಸ್ಲೋದಲ್ಲಿ ತಯಾರಿಯ ಕೆಲಸ ಜಾಸ್ತಿ ಹೊರುವವರು ಶಾಲೆಯ ಪೋಷಕರು, ಬ್ಯಾಂಡಿನವರು, ಬಡಾವಣೆಯ ಸ್ವಯಂಸೇವಕರು. ಆಡಳಿತದಲ್ಲಿ ಯಾವ ಪಕ್ಷ ಇದ್ದರೂ ಮೆರವಣಿಗೆ ಹೊರಡುತ್ತದೆ.

ಹಾಗಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ಮುಂದಿನ ಜನವರಿ 26ಕ್ಕೆ ಒಂದು ವಾರ್ಡಿನಲ್ಲಾದರೂ ಶುರು ಮಾಡಿ. ಸರ್ಕಾರಿ ಶಾಲೆ, ಕಾನ್ವೆಂಟು, ಮದರಸಾ, ಅಂಗನವಾಡಿ, ಎಲ್ಲ ಮಕ್ಕಳೂ ಒಂದೇ ಮೆರವಣಿಗೆಯಲ್ಲಿ ನಡೆಯಲಿ. ಮನೆಯಲ್ಲಿ ಕನ್ನಡ, ತುಳು, ಉರ್ದು, ತಮಿಳು, ಲಂಬಾಣಿ ಏನೇ ಮಾತಾಡಲಿ, ಅವರವರ ಹಾಡು ಅವರು ಹಾಡಲಿ. ವೇದಿಕೆ ಬೇಡ. ಶಾಸಕರು ಬಂದರೆ ರಸ್ತೆ ಬದಿಯಲ್ಲಿ ನಿಂತು ಕೈ ಬೀಸಲಿ. ಎರಡು ಗಂಟೆ ಆ ರಸ್ತೆ ಮುಚ್ಚೋಕೆ ಪೊಲೀಸರ ಅನುಮತಿ ಬೇಕಾಗುತ್ತದೆ, ನಿಜ. ಕರಗಕ್ಕೆ, ಗಣೇಶನ ಮೆರವಣಿಗೆಗೆ ಕೊಡುವವರು ಇದಕ್ಕೂ ಕೊಡುತ್ತಾರೆ, ಈಗಲೇ ಹೋಗಿ ಕೇಳಿ.