ಒಂದು ಸಾವಿಗೆ ಬೀಗ, ಇನ್ನೊಂದು ಸಾವಿಗೆ ಕವಚ

ಎರಡು ಸಾವುಗಳು ಮನಸ್ಸಿನಿಂದ ಹೋಗುತ್ತಿಲ್ಲ. ಎರಡಕ್ಕೂ ಕಾರಣ ಅಮೆರಿಕದ ರೋಡಿಯೋ ಅಖಾಡದಲ್ಲಿ ಬಿದ್ದ ಪೆಟ್ಟು. ರೋಡಿಯೋ ಅಂದರೆ ಪುಂಡ ಕುದುರೆ, ಹೋರಿಗಳ ಬೆನ್ನೇರಿ ಕೂರುವಂಥ ಆಟಗಳ ಪಂದ್ಯ.

1929, ಒರೆಗಾನ್ ರಾಜ್ಯದ ಪೆಂಡಲ್ಟನ್. ಬಾನಿ ಮೆಕ್ಯಾರಲ್ ಪುಂಡ ಕುದುರೆಗಳ ಸವಾರಿಯಲ್ಲಿ ಹೆಸರು ಮಾಡಿದ್ದ ಹೆಂಗಸು. ಅವತ್ತು ಹತ್ತಿದ ಕುದುರೆ ಬ್ಲ್ಯಾಕ್ ಕ್ಯಾಟ್. ಹೆಂಗಸರು ಕೂತಾಗ ಎರಡೂ ರಿಕಾಪುಗಳನ್ನು ಕುದುರೆಯ ಹೊಟ್ಟೆ ಕೆಳಗಿಂದ ಜೋಡಿಸಿ ಕಟ್ಟುವ ಪದ್ಧತಿ ಆಗ ಇತ್ತು. ಕಾಲು ಅಲ್ಲಾಡುವುದಿಲ್ಲ, ಕೂರುವುದು ಸುಲಭ ಅಂತ. ಆದರೆ ಕುದುರೆ ಬಿದ್ದರೆ? ಬಿತ್ತು. ಬಾನಿಗೆ ಕಾಲು ಬಿಡಿಸಿಕೊಳ್ಳಲು ಆಗಲಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಆ ಕಟ್ಟನ್ನು ತೆಗೆದಿದ್ದರೆ ಸಾಕಿತ್ತು ಅಲ್ವಾ? ಪೆಂಡಲ್ಟನ್‌ನವರು ಹೆಂಗಸರ ಆ ಸ್ಪರ್ಧೆಯನ್ನೇ ತೆಗೆದುಹಾಕಿದರು.

1989, ವಯೋಮಿಂಗ್‌ನ ಶಯೆನ್. ಲೇನ್ ಫ್ರಾಸ್ಟ್‌ಗೆ 25 ವರ್ಷ. ಹೋರಿ ಸವಾರಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ನಿಯಮದಂತೆ ಕೂರಬೇಕಾದ 8 ಸೆಕೆಂಡು ಪೂರ್ತಿ ಕೂತು ಇಳಿದಾಗಿತ್ತು. ಹೋರಿ ತಿರುಗಿ ಬಂದು ಬೆನ್ನಿಗೆ ಗುದ್ದಿತು. ಅವರು ಉಳಿಯಲಿಲ್ಲ. ಆಮೇಲೆ ಗೆಳೆಯ ಕೋಡಿ ಲ್ಯಾಂಬರ್ಟ್ ಸವಾರರ ಎದೆ, ಬೆನ್ನು ಕಾಯುವ ಕವಚ ತಯಾರಿಸಿದರು. ಗಂಡಸರು ಇನ್ನು ಹೋರಿ ಹತ್ತಬಾರದು ಅಂತ ಯಾರೂ ಬೀಗ ಹಾಕಲಿಲ್ಲ. ಹಾಕಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಕವಚ ಮಾಡಿದ್ದೇ ಸರಿ. ಬಾನಿ ಸತ್ತಾಗ ಹೀಗೆ ಯಾಕೆ ಯೋಚಿಸಲಿಲ್ಲ ಅನ್ನುವುದೇ ನನ್ನ ಸಂಕಟ.

ಹೆಂಗಸರ ಮೈಗೆ ಈ ಆಟ ಆಗಿಬರಲ್ಲ ಅಂತಾರೆ. 700 ಕಿಲೋ ಮೇಲೆ ತೂಗುವ ಹೋರಿ ಅದು. ಅದರ ಬೆನ್ನ ಮೇಲೆ ಯಾರ ತೋಳ್ಬಲ ತಾನೇ ನಡೆಯುತ್ತೆ? ಆಟಕ್ಕೆ ಮುಂಚೆ ಹೋರಿಯನ್ನು ನಿಲ್ಲಿಸುವ ಇಕ್ಕಟ್ಟಿನ ಕಟಕಟೆಯೊಳಗೆ ಸವಾರರು ಕೂರುವುದನ್ನು ಗಮನಿಸಿ. ಕೈಗವಸಿಗೆ ರಾಳ ತಿಕ್ಕುತ್ತಾರೆ. ಹೋರಿಯ ಎದೆಗೆ ಬಿಗಿದ ಹಗ್ಗವನ್ನು ಅಂಗೈಗೆ ಸುತ್ತಿ, ಬೆರಳುಗಳನ್ನು ಮುಷ್ಟಿಯಿಂದ ಕುಟ್ಟಿ ಮುಚ್ಚುತ್ತಾರೆ. ತಲೆಯಾಡಿಸಿದರೆ ಗೇಟು ತೆಗೆಯುತ್ತದೆ. ಇನ್ನೊಂದು ಕೈ ಗಾಳಿಯಲ್ಲೇ ಇರಬೇಕು, ಹೋರಿಗೆ ತಾಕಿದರೆ ಔಟ್. ಅಂಕದಲ್ಲಿ ಅರ್ಧ ಹೋರಿಗೇ ಹೋಗುತ್ತೆ, ಅದು ಎಷ್ಟು ಚೆನ್ನಾಗಿ ಎಗರಿತು ಅಂತ. ಇಲ್ಲಿ ಬೇಕಾಗಿರುವುದು ತೂಕ ಸರಿದೂಗಿಸುವ ಸೊಂಟ, ಹಿಡಿತ ಬಿಡದ ತೊಡೆ, ಹೋರಿಯ ಮುಂದಿನ ಜಿಗಿತ ಎತ್ತ ಅಂತ ತಿಳಿಯುವ ಮೈ.

ಹೋರಿಗೆ ಹೆದರದ ಹೆಂಗಸರನ್ನು ನೋಡಿಕೊಂಡೇ ಬೆಳೆದವಳು ನಾನು. ನಮ್ಮ ಹಾವೇರಿ ಕಡೆ ದೀಪಾವಳಿ ಆದಮೇಲೆ ಕೊಬ್ಬರಿ ಹೋರಿ ಓಡಿಸುತ್ತಾರೆ, ಅಂದರೆ ಕೊಬ್ಬರಿ ಕಟ್ಟಿದ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಯಾರನ್ನೂ ಹತ್ತಿರ ಸೇರಿಸದ ನಮ್ಮನೆ ಹೋರಿ, ಅವ್ವ ಹಿಂಡಿ ಬುಟ್ಟಿ ಹಿಡಿದು ಬಂದರೆ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಕೊಂಬಿಗೆ ಎಣ್ಣೆ ಸವರುವವಳೂ ಅವಳೇ. ಹಬ್ಬದ ದಿನ ಮಾತ್ರ ಮಾಳಿಗೆ ಮೇಲೆ ನಿಂತು ನೋಡಬೇಕು. ಯಾಕೆ ಅಂತ ಕೇಳಿದರೆ, "ಹಂಗ ನಡಕೊಂಡು ಬಂದೈತಿ" ಅನ್ನುತ್ತಿದ್ದಳು.

ಅಮೆರಿಕದ ಹೆಂಗಸರು ಹಾಗೆ ನಡೆದುಕೊಂಡು ಬರಲು ಬಿಡಲಿಲ್ಲ. 1948ರಲ್ಲಿ ಟೆಕ್ಸಾಸ್‌ನಲ್ಲಿ 38 ಹೆಂಗಸರು ಸೇರಿ ತಮ್ಮದೇ ರೋಡಿಯೋ ಸಂಘ ಕಟ್ಟಿದರು. ಜಾನಿ ಜಾಂಕೌಸ್ಕಿ 1986 ಮತ್ತು 1988ರಲ್ಲಿ ಹೆಂಗಸರ ಹೋರಿ ಸವಾರಿಯಲ್ಲಿ ವಿಶ್ವ ಚಾಂಪಿಯನ್ ಆದರು.

ಈಗ ನಜಾಯಾ ನೈಟ್ ಅನ್ನುವ ಹುಡುಗಿ ಇದ್ದಾಳೆ. ಪುಟ್ಟ ಮಗುವಾಗಿದ್ದಾಗಲೇ ಕುರಿ ಮೇಲೆ ಕೂತು ಶುರು ಮಾಡಿದವಳು. ಬರೀ ಹುಡುಗರೇ ಇದ್ದ ಸ್ಪರ್ಧೆಗಳಲ್ಲಿ ಹೋರಿ ಹತ್ತಿ ಬೆಳೆದಳು. ಗಂಡಸರ ಅತಿ ದೊಡ್ಡ ಹೋರಿ ಸವಾರಿ ಪಂದ್ಯಾವಳಿಗೆ ಮೊದಲ ಹೆಂಗಸಾಗಿ ಇಳಿಯಬೇಕು ಅನ್ನುವುದು ಅವಳ ಹಟ. ಅವಳದ್ದೂ ಒರೆಗಾನ್ ರಾಜ್ಯವೇ. ಬಾನಿ ಬಿದ್ದ ಪೆಂಡಲ್ಟನ್ ಇರುವ ರಾಜ್ಯ.