ಪರ–ವಿರೋಧ: ಯುದ್ಧಕಾಲದ ‘ಬಾಯಿ ಬಿಗಿಹಿಡಿಯಿರಿ’ ಪೋಸ್ಟರುಗಳು ಬೇಕಿದ್ದವೇ?

ಪರ: ಬೇಕೇ ಬೇಕಿದ್ದವು

ಸೀಟಿನಲ್ಲಿ ಕೂತು ಇಬ್ಬರು ಹೆಂಗಸರು ಲೋಕಾಭಿರಾಮ ಹರಟುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಹಿಟ್ಲರ್, ಪಕ್ಕದಲ್ಲಿ ಅವನ ಬಲಗೈ ಬಂಟ, ದಢೂತಿ ಗೋರಿಂಗ್. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ಮಾಹಿತಿ ಸಚಿವಾಲಯ ಹೊರತಂದ ಎಂಟು ಪೋಸ್ಟರುಗಳಲ್ಲಿ ಇದೊಂದು. ಎಂಟರಲ್ಲೂ ಒಂದೇ ಎಚ್ಚರಿಕೆ: ಬೇಜವಾಬ್ದಾರಿ ಮಾತಿಗೆ ಜೀವಗಳು ಬಲಿಯಾಗುತ್ತವೆ. ಬರೆದವನು ‘ಪಂಚ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಸಿರಿಲ್ ಕೆನೆತ್ ಬರ್ಡ್, ಅಂಕಿತ ಫೂಗಾಸ್. ಹಿಂದಿನ ಮಹಾಯುದ್ಧದಲ್ಲಿ, ಗಲಿಪೊಲಿಯಲ್ಲಿ, ಬೆನ್ನುಮೂಳೆಗೆ ಪೆಟ್ಟು ತಿಂದು ಬದುಕಿ ಬಂದವ. ಅಂಥವನು ಜನರನ್ನು ಹೆದರಿಸಬಹುದಿತ್ತು; ನಗಿಸಿದ. ಗೋಡೆಗೆ ಅಂಟಿಸಿದ ಕಾಗದದ ವಿನ್ಯಾಸದ ತುಂಬ ಹಿಟ್ಲರನ ಮುಖಗಳು, ಟೆಲಿಫೋನ್ ಬೂತಿನ ಸುತ್ತ ಹಿಟ್ಲರ್‌ಗಳು. ಕೆಲವೇ ತಿಂಗಳ ಹಿಂದೆ ಇದೇ ಸಚಿವಾಲಯ ಅಂಟಿಸಿದ್ದ ಕೆಂಪು ಪೋಸ್ಟರುಗಳ ಉಪದೇಶಕ್ಕೆ ಜನ ಮೂಗು ಮುರಿದಿದ್ದರು. ಇದನ್ನು ಮಾತ್ರ ನಿಂತು ನೋಡಿದರು.

ಗುಟ್ಟು ಅನ್ನುವುದು ಯಾರ ಬಾಯಲ್ಲೂ ಇಡಿಯಾಗಿ ಇರುವುದಿಲ್ಲ. ಒಬ್ಬಳ ಗಂಡನಿಗೆ ರಜೆ ರದ್ದಾಗಿದೆ, ಇನ್ನೊಬ್ಬಳ ತಮ್ಮನಿಗೆ ಉಣ್ಣೆಯ ಬಟ್ಟೆ ಕೊಟ್ಟಿದ್ದಾರೆ, ಮತ್ತೊಬ್ಬ ಬಂದರಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದಾನೆ. ಮೂರನ್ನೂ ಕೂಡಿಸಿಕೊಳ್ಳುವವನಿಗೆ ಹಡಗು ಯಾವ ದಿಕ್ಕಿಗೆ ಹೊರಟಿತು ಎಂದು ತಿಳಿಯುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. 1999ರಲ್ಲಿ ನಮ್ಮಣ್ಣ ಸೈನ್ಯದಲ್ಲಿದ್ದ. ಅವನ ಇನ್‌ಲ್ಯಾಂಡ್ ಪತ್ರದ ಮೇಲೆ ಊರಿನ ಹೆಸರಿರುತ್ತಿರಲಿಲ್ಲ. ‘56 ಎಪಿಒ’ ಎಂಬ ಸೈನ್ಯದ ಅಂಚೆಯ ಗುರುತು, ಅಷ್ಟೇ. ನಳದ ಹತ್ತಿರ ಯಾರಾದರೂ “ಯಕ್ಕಾ, ನಿನ್ನ ಮಗ ಈಗ ಎಲ್ಲಿ ಅದಾನ?” ಅಂತ ಕೇಳಿದರೆ ಅವ್ವ “ಐವತ್ತಾರರಾಗ ಅದಾನವ್ವಾ” ಅಂದು ಕೊಡ ಎತ್ತಿಕೊಂಡು ಬರುತ್ತಿದ್ದಳು. ಆದರೆ ಒಂದು ದಿನ ಅವನು ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ. ಅವ್ವನಿಗೆ ಕಿವಿ ಸ್ವಲ್ಪ ಮಂದ. ಅವನು ಪಿಸುಗುಟ್ಟಿದ್ದನ್ನು ಖಾತ್ರಿಪಡಿಸಿಕೊಳ್ಳಲು ಊರ ಹೆಸರನ್ನು ಎರಡೆರಡು ಸಲ ಕೂಗಿ ಕೇಳಿದಳು. ಸಂಜೆಯೊಳಗೆ ಬೂತಿನವನಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಹಿಟ್ಟಿನ ಗಿರಣಿಗೆ ಸುದ್ದಿ. ಮರುದಿನ ಹಾಲಿನವನು ಬಂದವನೇ, ಅಲ್ಲಿ ಎಂಥ ಚಳಿ ಇರುತ್ತದೆ ಅಂತ ನಮಗೇ ತಿಳಿಸಿಹೇಳಿದ! ಅವರಲ್ಲಿ ಯಾರೂ ಕೆಟ್ಟವರಲ್ಲ. ಅಣ್ಣನ ಮೇಲೆ ಊರಿಗೆಲ್ಲ ಅಭಿಮಾನ. ಅಭಿಮಾನದ ಬಾಯಿಗೇ ಬೀಗ ಇರುವುದಿಲ್ಲ, ಪೋಸ್ಟರ್ ಬೇಕಾದದ್ದು ಅದಕ್ಕೆ.

ಬ್ರಿಟನ್ನಿನಲ್ಲಿ ಜರ್ಮನ್ ಗೂಢಚಾರರೇ ಉಳಿದಿರಲಿಲ್ಲ ಎಂದು ಈಗ ಕೆಲವರು ಪಾಂಡಿತ್ಯ ತೋರಿಸುತ್ತಾರೆ. ಸರಿ ಸ್ವಾಮಿ, ಕಳ್ಳ ಬರಲಿಲ್ಲ ಅಂತ ಚಿಲಕ ಕಿತ್ತು ಮಾರೋಣವೇ?

ವಿರೋಧ: ಸೋರಿದ್ದು ಬೇರೆ ಕಡೆ

ವಿರೋಧ ಬರೆಯಿರಿ ಎಂದು ಸಂಪಾದಕರು ಹೇಳಿದ್ದಾರೆ, ಬರೆಯುತ್ತಿದ್ದೇನೆ. ಫೂಗಾಸ್‌ನ ಚಿತ್ರಗಳು ನನಗೂ ಇಷ್ಟ, ಅವನ್ನು ಬೈಯಲು ಮನಸ್ಸು ಬಾರದು. ಆದರೆ ಎಲ್ಲ ಪೋಸ್ಟರೂ ಅಷ್ಟು ಸಭ್ಯವಾಗಿರಲಿಲ್ಲ. ಮುಂದೆ ಬಂದ ಒಂದರಲ್ಲಿ ಸುಂದರಿಯೊಬ್ಬಳು ಒರಗಿ ಕೂತಿದ್ದಾಳೆ, ಸುತ್ತ ಸೇನಾಧಿಕಾರಿಗಳು. ಅವಳು ಅಂದುಕೊಂಡಷ್ಟು ಪೆದ್ದಿಯಲ್ಲ, ಬಾಯಿ ಬಿಡಬೇಡಿ ಎಂಬ ಎಚ್ಚರಿಕೆ. ಹರಟುವವಳೂ ಹೆಣ್ಣೇ, ಕದ್ದು ಕೇಳುವವಳೂ ಹೆಣ್ಣೇ.

ಪೋಸ್ಟರಿನ ಬೆನ್ನಿಗೆ ಪೊಲೀಸರೂ ಬಂದರು. 1940ರ ಬೇಸಿಗೆಯಲ್ಲಿ, ಗಾಳಿಮಾತು ಹಬ್ಬದಂತೆ ತಡೆಯಲು, ‘ಮೌನ ಪಡೆ’ ಎಂಬ ಅಭಿಯಾನ ನಡೆಯಿತು. ಸೋಲಿನ ಮಾತಾಡಿದ ಸಾಮಾನ್ಯರು ಕೋರ್ಟು ಹತ್ತಿ ದಂಡ ಕಟ್ಟಿದರು, ಕೆಲವರು ಜೈಲಿಗೂ ಹೋದರು. ಜನ ಎಷ್ಟು ಸಿಟ್ಟಾದರೆಂದರೆ ಜುಲೈ ಮುಗಿಯುವ ಮೊದಲೇ ಚರ್ಚಿಲ್ ಅದನ್ನು ಕೈಬಿಡಬೇಕಾಯಿತು.

ಇನ್ನು ಹಡಗುಗಳ ವಿಷಯ. 1942ರ ಆರಂಭದಿಂದ 1943ರ ಜೂನ್‌ವರೆಗೆ ಜರ್ಮನ್ ನೌಕಾಪಡೆಯ ಬಿ-ಡೀನ್‌ಸ್ಟ್ ವಿಭಾಗ ಮಿತ್ರರಾಷ್ಟ್ರಗಳ ಬೆಂಗಾವಲು ಹಡಗುಗಳ ಸಂಕೇತಲಿಪಿಯನ್ನೇ ಬಹುಮಟ್ಟಿಗೆ ಓದುತ್ತಿತ್ತು. ಅದಕ್ಕೆ ಯಾವ ಗೃಹಿಣಿಯ ಹರಟೆಯೂ ಬೇಕಿರಲಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ 1942ರಲ್ಲಿ ಹಡಗುಗಳು ಸಾಲುಸಾಲಾಗಿ ಮುಳುಗಿದವು. ತೀರದ ಊರುಗಳು ದೀಪ ಆರಿಸಿರಲಿಲ್ಲ, ಆ ಬೆಳಕಿನಲ್ಲಿ ಹಡಗಿನ ನೆರಳು ಜರ್ಮನ್ ಜಲಾಂತರ್ಗಾಮಿಗಳಿಗೆ ಸಲೀಸಾಗಿ ಕಾಣುತ್ತಿತ್ತು. ತುಟಿ ಸಡಿಲವಾದರೆ ಹಡಗು ಮುಳುಗುತ್ತದೆ ಎಂದು ಆ ದೇಶದ ಪೋಸ್ಟರು ಹೇಳುತ್ತಿದ್ದದ್ದು ಮಾತ್ರ ಜನಸಾಮಾನ್ಯರಿಗೆ.

ನಿಜವಾಗಿ ಬಾಯಿಬಿಟ್ಟವನೊಬ್ಬ ಅಮೆರಿಕದ ಸಂಸದ: ಕೆಂಟಕಿಯ ಆಂಡ್ರ್ಯೂ ಮೇ, ಸೈನಿಕ ವ್ಯವಹಾರ ಸಮಿತಿಯ ಅಧ್ಯಕ್ಷ. ಜಪಾನೀಯರು ನೀರೊಳಗೆ ಎಸೆಯುವ ಬಾಂಬುಗಳು ಸಾಕಷ್ಟು ಆಳಕ್ಕೆ ಹೋಗುವ ಮೊದಲೇ ಸಿಡಿಯುತ್ತಿವೆ, ಹಾಗಾಗಿ ನಮ್ಮ ಜಲಾಂತರ್ಗಾಮಿಗಳು ಪಾರಾಗುತ್ತಿವೆ ಎಂದು 1943ರಲ್ಲಿ ಪತ್ರಕರ್ತರ ಮುಂದೆಯೇ ಹೇಳಿದ. ಇದರಿಂದ ಹತ್ತು ಜಲಾಂತರ್ಗಾಮಿಗಳು, ಎಂಟುನೂರು ಜನ ಹೋದರೆಂದು ಅಮೆರಿಕದ ಜಲಾಂತರ್ಗಾಮಿ ಪಡೆಯ ಅಡ್ಮಿರಲ್ ಲಾಕ್‌ವುಡ್ ಲೆಕ್ಕ ಹಾಕಿದ್ದರು. ಮೇ ಜೈಲಿಗೇನೋ ಹೋದ. ಆದರೆ ಯುದ್ಧ ಮುಗಿದ ಮೇಲೆ, ಲಂಚದ ಕೇಸಿನಲ್ಲಿ.